ಏಳನೇ ತೂಬಿನ ಕ್ಯಾಂಪಿಗೆ ಹೋಗಿಬಂದದ್ದು

ಜನವರಿ ಕೊನೆಯ ಒಂದು ಶುಕ್ರವಾರ ಬೆಳಿಗ್ಗೆ ಶಿವಮೊಗ್ಗ ನಿಲ್ದಾಣದಲ್ಲಿ ಭದ್ರಾವತಿಯ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಸೀರೆ, ಒಂದು ಸ್ವೆಟರ್, ಶುಗರ್ ಮಾತ್ರೆ, ಕೊಬ್ಬರಿ ಮಿಠಾಯಿಯ ಪೊಟ್ಟಣ. ಹದಿನೆಂಟು ಕಿಲೋಮೀಟರ್ ದೂರದ ಊರಿಗೆ ಮೂರು ದಿನಕ್ಕೆಂದು ಹೊರಟವಳು ಆ ಬಸ್ಸಿನಲ್ಲಿ ನಾನೊಬ್ಬಳೇ ಇರಬೇಕು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಶೂನ್ಯ ಟಿಕೆಟ್ ಕೊಟ್ಟರು.

ಹೊರಟ ಕಾರಣ ಹೇಳಿಬಿಡುತ್ತೇನೆ. ಭಾನುವಾರ ಭದ್ರಾವತಿಯಲ್ಲಿ ತಾಲೂಕು ಮಟ್ಟದ ಒಂದು ಸಾಹಿತ್ಯ ಸಮಾವೇಶವಿತ್ತು. 'ನಮ್ಮ ತಾಲೂಕು: ಚರಿತ್ರೆ ಮತ್ತು ಭೂಗೋಳ' ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನು ಕರೆದಿದ್ದರು. ಸರ್ಕಾರಿ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಕರೆದದ್ದಕ್ಕೆ ಖುಷಿಯೇ ಆಗಿತ್ತು. ಆಮೇಲೆ ಸಂಚಾಲಕ ಶೇಖರಪ್ಪನವರ ಫೋನು ಬಂತು. ಅವರು ನಿವೃತ್ತ ಉಪನ್ಯಾಸಕರು, ಮೆತ್ತಗೆ ಮಾತನಾಡುವ ಮನುಷ್ಯ.

"ಹೊಯ್ಸಳರ ದೇವಸ್ಥಾನ, ನದಿ, ಡ್ಯಾಮು, ಕಾರ್ಖಾನೆ ತಂದ ಮಹನೀಯರು, ಇಷ್ಟು ಹೇಳಿಬಿಡಿ ಮೇಡಂ. ಇಪ್ಪತ್ತು ನಿಮಿಷಕ್ಕೆ ಸರಿಹೋಗುತ್ತೆ" ಎಂದರು.

"ಲೇಬರ್ ಕಾಲೊನಿಗಳು? ಚಾನಲ್ ಮೇಲಿನ ಕ್ಯಾಂಪುಗಳು?"

"ಅವು ಬೇಡ. ಅದು ಚರಿತ್ರೆ ಅಲ್ಲ ಮೇಡಂ, ಮೊನ್ನೆ ಮೊನ್ನೆಯದು. ಅದನ್ನ ಎತ್ತಿದ್ರೆ ಸುಮ್ನೆ ಭಾಷೆ ಗಲಾಟೆ. ನಮಗ್ಯಾಕೆ?"

ನಾನು ಹುಟ್ಟಿದ್ದು ಭದ್ರಾವತಿಯ ನ್ಯೂ ಟೌನಿನ ಒಂದು ಕ್ವಾರ್ಟರ್ಸಿನಲ್ಲಿ. ಅಪ್ಪ ಶಿಕಾರಿಪುರದ ಕಡೆಯಿಂದ ಕಬ್ಬಿಣದ ಕಾರ್ಖಾನೆಗೆ ಫಿಟ್ಟರ್ ಕೆಲಸಕ್ಕೆ ಬಂದವರು. ಶೇಖರಪ್ಪನವರ ಲೆಕ್ಕದಲ್ಲಿ ಅಪ್ಪನೂ ಮೊನ್ನೆ ಮೊನ್ನೆಯವರೇ. "ಆಗಲಿ, ನೋಡೋಣ" ಎಂದು ಫೋನಿಟ್ಟೆ. ಇಟ್ಟ ಮೇಲೆ ಸಿಟ್ಟು ಬಂತು. ಅಡುಗೆಮನೆಯಲ್ಲಿ ಅರ್ಧ ಹೆಚ್ಚಿದ ಬೀನ್ಸ್ ಹಾಗೇ ಬಿಟ್ಟು ಸೆಲ್ವಿಗೆ ಫೋನು ಮಾಡಿದೆ. ಸೆಲ್ವಿ ನನ್ನ ಶಾಲೆಯ ಗೆಳತಿ, ತಮಿಳರ ಹುಡುಗಿ. ನ್ಯೂ ಟೌನಿನ ಹತ್ತಿರದ ಕಾಲೊನಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದಿದವಳು. ಈಗ ಭದ್ರಾ ಡ್ಯಾಮಿನ ಚಾನಲ್ ಮೇಲಿನ ತನ್ನ ಕ್ಯಾಂಪಿನಲ್ಲೇ ಗದ್ದೆ ಮಾಡಿಸುತ್ತಾಳೆ.

"ಬಂದು ಎರಡು ದಿನ ಇರ್ತೀನಿ. ನಿಮ್ಮಮ್ಮನ ಹತ್ರ ಮಾತಾಡಬೇಕು" ಎಂದೆ.

"ಬಾ ಮಾರಾಯ್ತಿ. ನಾಟಿ ನಡೀತಿದೆ, ಮಾತಾಡೋಕೆ ಯಾರೂ ಕೂರಲ್ಲ. ನಿಂತ್ಕೊಂಡೇ ಮಾತಾಡ್ಬೇಕು" ಎಂದಳು.

ಬಸ್ಸು ತುಂಗೆಯ ಸೇತುವೆ ದಾಟಿ ವಿದ್ಯಾನಗರ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಎಂದು ಸಾಗಿತು. ಮಂಜು ಇನ್ನೂ ಕರಗಿರಲಿಲ್ಲ. ಈ ದಾರಿಯಲ್ಲಿ ಶಿವಮೊಗ್ಗ ಎಲ್ಲಿ ಮುಗಿಯಿತು, ಭದ್ರಾವತಿ ಎಲ್ಲಿ ಹತ್ತಿತು ಎಂದು ಈಗ ಹೇಳುವುದು ಕಷ್ಟ. ಶೆಡ್ಡು, ಶೋರೂಮು, ಕಲ್ಯಾಣಮಂಟಪಗಳು ಎರಡೂ ಊರನ್ನು ಹೊಲಿದುಬಿಟ್ಟಿವೆ. ಮಕ್ಕಳಿಗೆ ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ತಾಲೂಕಿನ ನಕ್ಷೆ ಬರೆದು ಎಡಕ್ಕೆ ಹಸಿರು, ಬಲಕ್ಕೆ ಹಳದಿ ಬಳಿಯುತ್ತಿದ್ದೆ. ಪಶ್ಚಿಮ, ದಕ್ಷಿಣಕ್ಕೆ ಹೋದಂತೆ ಗುಡ್ಡ, ಕಾಡು, ಆನೆ. ಪೂರ್ವಕ್ಕೆ ಹೊಳೆಹೊನ್ನೂರಿನ ಕಡೆ ಬಯಲು, ಎರೆಮಣ್ಣು. ನಡುವೆ ಭದ್ರೆ ಹರಿಯುತ್ತಾಳೆ. ಒಂದೇ ತಾಲೂಕಿನ ಒಳಗೆ ಮಲೆನಾಡು ಕೈಬಿಟ್ಟು ಬಯಲುಸೀಮೆ ಕೈಹಿಡಿಯುತ್ತದೆ. ಇದನ್ನು ನೋಡಲು ಎಲ್ಲಿಗೂ ದೂರ ಹೋಗಬೇಕಿಲ್ಲ. ಎರಡು ಬಸ್ಸು ಬದಲಿಸಿದರೆ ಸಾಕು.

ಭದ್ರಾವತಿಯಲ್ಲಿ ಇಳಿದವಳು ಮೊದಲು ಹೋದದ್ದು ಹಳೇ ಊರಿನ ನರಸಿಂಹ ದೇವಸ್ಥಾನಕ್ಕೇ. ದೇವಸ್ಥಾನದ ಮೇಲೆ ನನಗೇನೂ ಮುನಿಸಿಲ್ಲ. ಊರಿಗೆ ಬೆಂಕಿಪುರ ಎಂಬ ಹೆಸರಿದ್ದ ಕಾಲದಿಂದ ನಿಂತಿರುವ ಗುಡಿ ಅದು. ಮೂರು ಗರ್ಭಗುಡಿ, ನಕ್ಷತ್ರದಂತೆ ಮೂಲೆಮೂಲೆಯಾಗಿ ಮುರಿಯುವ ಜಗಲಿ. ಬೆಳಗಿನ ಬಿಸಿಲಿಗೆ ಗೋಡೆಯ ವಿಗ್ರಹಗಳ ಒಂದು ಮಗ್ಗುಲು ಮಾತ್ರ ಬೆಚ್ಚಗಾಗಿತ್ತು, ಕೈಯಿಟ್ಟು ನೋಡಿದೆ. ಅರ್ಚಕರು ಕುಂಕುಮ ಕೊಡುತ್ತಾ ಎಲ್ಲಿಯವರು ಎಂದು ವಿಚಾರಿಸಿದರು. ಹೇಳಿದೆ. ಮಾತಿಗೆ ಮಾತು ಬಂದು, "ಇದನ್ನ ಕೆತ್ತಿದವರು ಈ ಊರಿನವರೇನಾ?" ಎಂದು ಕೇಳಿದೆ.

"ಯಾರಿಗೆ ಗೊತ್ತಮ್ಮ? ಕೆಲಸ ಇದ್ದ ಕಡೆ ಬಂದಿರ್ತಾರೆ, ಮುಗಿದ ಮೇಲೆ ಹೋಗಿರ್ತಾರೆ, ಇಲ್ಲಾ ಇಲ್ಲೇ ಉಳಿದಿರ್ತಾರೆ" ಎಂದು ಅವರು ತಟ್ಟೆ ಹಿಡಿದು ಮುಂದಿನವರ ಕಡೆ ತಿರುಗಿದರು.

ಅಲ್ಲಿಂದ ಆಟೋದಲ್ಲಿ ನ್ಯೂ ಟೌನಿಗೆ. ನಾವಿದ್ದ ಮನೆ ಇದೆ. ಮುಂದಿನ ಪೇರಲೆ ಗಿಡ ಇಲ್ಲ. ಬಾಗಿಲಿಗೆ ಬೀಗ, ಮೆಟ್ಟಿಲ ಮೇಲೆ ಯಾರದೋ ನಾಯಿ. ನೇರ ಬೀದಿಗಳು, ಒಂದೇ ಅಳತೆಯ ಮನೆಗಳು, ನೆರಳಿನ ಮರಗಳು. ಊರು ಬೆಳೆದು ಆದದ್ದಲ್ಲ, ಯಾರೋ ಕೂತು ಯೋಚಿಸಿ ಕಟ್ಟಿದ್ದು ಎಂದು ಈಗಲೂ ಕಾಣುತ್ತದೆ. ನೂರು ವರ್ಷದ ಹಿಂದೆ ಕಾಡಿನ ಕಟ್ಟಿಗೆ ಸುಟ್ಟ ಇದ್ದಲು ಹಾಕಿ ಇಲ್ಲಿ ಕಬ್ಬಿಣ ಕರಗಿಸಿದರು. ಅದಿರು ಬೆಟ್ಟದಿಂದ ಬಂತು, ಕಟ್ಟಿಗೆ ಕಾಡಿನಿಂದ ಬಂತು, ಕೈಗಳು ಮಾತ್ರ ಎಲ್ಲ ದಿಕ್ಕಿನಿಂದ ಬಂದವು. ನಮ್ಮ ಸಾಲಿನಲ್ಲೇ ಒಂದು ಮನೆ ತಮಿಳು, ಎರಡು ಮನೆ ತೆಲುಗು, ಒಂದು ಮನೆ ಉರ್ದು ಮಾತಾಡುತ್ತಿತ್ತು. ಶಿಫ್ಟಿನ ಸೈರನ್ ಮಾತ್ರ ಎಲ್ಲರಿಗೂ ಒಂದೇ ಭಾಷೆಯಲ್ಲಿ ಕೂಗುತ್ತಿತ್ತು.

ಮೂಲೆಯ ಹೋಟೆಲಿನಲ್ಲಿ ಪರೋಟ, ಸಾಗು ತಿಂದೆ. ಕಾಗದನಗರಕ್ಕೂ ಹೋಗಿಬಂದೆ. ಅಲ್ಲಿನ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾಗಿವೆ. ಕ್ವಾರ್ಟರ್ಸುಗಳ ಎಷ್ಟೋ ಸಾಲು ಖಾಲಿ, ಕಿಟಕಿಯೊಳಗಿಂದ ಬಳ್ಳಿ ಹೊರಗೆ ಬಂದಿದೆ. ಆದರೆ ಒಂದು ಮನೆಯ ಮುಂದೆ ಅಂಗಳ ಸಾರಿಸಿ ಇಷ್ಟಗಲ ರಂಗೋಲಿ ಹಾಕಿತ್ತು. ಹಾಕಿದಾಕೆ ಬಾಗಿಲಲ್ಲೇ ಅಕ್ಕಿ ಆರಿಸುತ್ತಿದ್ದಳು. ಅಕ್ಕಪಕ್ಕ ಯಾರೂ ಇಲ್ಲವಲ್ಲ ಎಂದೆ.

"ಅದಕ್ಕೇ ದೊಡ್ಡದು ಹಾಕಿರೋದು. ಜಾಗ ಇದೆಯಲ್ಲ" ಎಂದಳು.

ಮಧ್ಯಾಹ್ನ ಹೊಳೆಹೊನ್ನೂರು ಕಡೆಯ ಖಾಸಗಿ ಬಸ್ಸು ಹಿಡಿದೆ. ಇಪ್ಪತ್ತೈದು ರೂಪಾಯಿ, ಮುಕ್ಕಾಲು ಗಂಟೆ, ಪೂರ್ತಿ ದಾರಿ ಜೋರು ಹಾಡು. ಬಿಸಿಲು ಚುರುಕಾಗಿತ್ತು. ಊರು ಹಿಂದೆ ಬಿದ್ದ ಮೇಲೆ ನೀರು ಕಾಣಿಸತೊಡಗಿತು. ಬೇಸಿಗೆ ಬೆಳೆಗೆ ಚಾನಲ್ ಬಿಟ್ಟಿದ್ದರು. ಒಂದು ಕಡೆ ತೋಟ, ಇನ್ನೊಂದು ಕಡೆ ಕೆಸರು ಮಾಡಿಟ್ಟ ಗದ್ದೆ, ಗದ್ದೆಯಲ್ಲಿ ಬೆಳ್ಳಕ್ಕಿ. ಚಾನಲ್‌ನಿಂದ ಗದ್ದೆಗಳಿಗೆ ನೀರು ಬಿಡುವ ಏಳನೇ ತೂಬಿನ ಹತ್ತಿರ ಇಳಿದುಕೊಂಡೆ. ಆ ತೂಬೇ ಊರಿನ ಹೆಸರು. ಸರ್ಕಾರಿ ಬೋರ್ಡಿನಲ್ಲಿ ಆ ಹೆಸರಿಲ್ಲ. ಅಲ್ಲಿರುವುದು ಚಾನಲ್ ಆಚೆಯ ಹಳೇ ಹಳ್ಳಿಯದು. ಬೋರ್ಡಿನ ಕಂಬಕ್ಕೆ ಯಾರೋ ತಗಡು ಕಟ್ಟಿ ಸುಣ್ಣದಲ್ಲಿ 'ಏಳನೇ ತೂಬಿನ ಕ್ಯಾಂಪ್' ಎಂದು ಬರೆದಿದ್ದರು.

ಸೆಲ್ವಿ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದಳು. ಕೈ ಹಿಡಿಯಲಿಲ್ಲ, ಭುಜದಿಂದ ಭುಜಕ್ಕೆ ಗುದ್ದಿದಳು. ಅವಳ ತಾಯಿ ಅಂಜಲಮ್ಮ ಬದುವಿನ ಮೇಲೆ ಕೊಡೆ ಹಿಡಿದು ಕೂತು ನಾಟಿಯವರ ಮೇಲೆ ಕಣ್ಣಿಟ್ಟಿದ್ದರು. ಎಂಬತ್ತು ದಾಟಿದವರು. ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು.

"ಬಾ ಕಣ್ಣು. ದಪ್ಪ ಆಗಿದೀಯ" ಎಂದರು.

ಆ ಸಂಜೆ ಅವರ ಜೊತೆ ಚಾನಲ್ ಏರಿಯ ಮೇಲೆ ನಡೆದೆ. ಅವರು ಬಂದದ್ದು ತಿರುವಣ್ಣಾಮಲೈ ಕಡೆಯಿಂದ, ಇನ್ನೂ ಲಂಗ ಉಡುವ ವಯಸ್ಸಿನಲ್ಲಿ, ಅಪ್ಪ ಅಮ್ಮನ ಜೊತೆ. ಕಂಟ್ರಾಕ್ಟರ್ ಕಡೆಯವನೊಬ್ಬ ಅವರ ಇಡೀ ಬೀದಿಯನ್ನೇ ರೈಲಿಗೆ ಹತ್ತಿಸಿದನಂತೆ. ಗಂಡಸರು ಅಗೆದರು, ಹೆಂಗಸರು, ಹುಡುಗಿಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿಗೆ ಸುರಿದರು. ಗುಡಿಸಲು ಹಾಕಿದ ಜಾಗಕ್ಕೆ ಕ್ಯಾಂಪು ಎಂದರು. ಕೆಲಸ ಮುಂದೆ ಸಾಗಿದಂತೆ ಕ್ಯಾಂಪೂ ಸಾಗಿತು. ಒಂದು ದಿನ ಕೆಲಸ ಮುಗಿಯಿತು. ಕೆಲವರು ಊರಿಗೆ ಮರಳಿದರು, ಕೆಲವರು ಇಲ್ಲೇ ಪೊದೆ ಕಡಿದು, ಕಲ್ಲು ಆರಿಸಿ ಗದ್ದೆ ಮಾಡಿಕೊಂಡರು.

"ನಿಮಗೆ ವಾಪಸ್ ಹೋಗಬೇಕು ಅನ್ನಿಸಲಿಲ್ವ ಅಮ್ಮ?"

"ಯಾಕೆ ಹೋಗ್ಬೇಕು? ಈ ಏರಿ ಮೇಲೆ ನಮ್ಮ ಅಕ್ಕ ಸತ್ಲು, ಜ್ವರ ಬಂದು. ಆ ಹುಣಸೆ ಮರ ಇದೆಯಲ್ಲ, ಅಲ್ಲೇ ಮಣ್ಣು ಮಾಡಿದ್ವಿ. ನನ್ನ ಮದುವೆ ಈ ನೀರ್ ಪಕ್ಕ ಆಯ್ತು. ಮೂರು ಮಕ್ಕಳು ಇಲ್ಲೇ. ವೋಟು ಇಲ್ಲೇ. ಬೇರೆ ಊರು ಇದ್ರೆ ನೀನೇ ಹೇಳು, ಹೋಗ್ತೀನಿ."

ಅವರು ಉತ್ತರಕ್ಕೆ ಕಾಯಲಿಲ್ಲ. ತೂಬಿನ ಹತ್ತಿರ ಕಸ ಕಟ್ಟಿಕೊಂಡಿತ್ತು. ಕೊಡೆಯ ತುದಿಯಿಂದ ಅದನ್ನು ತಳ್ಳಿದರು. ರಾತ್ರಿ ಅನ್ನ, ಒಣಮೀನಿನ ಸಾರು. ಬಹಳ ವರ್ಷವಾಗಿತ್ತು ಅಂಥ ಸಾರು ಉಂಡು. ಎರಡು ಸಲ ಬಡಿಸಿಕೊಂಡೆ.

ಶನಿವಾರ ಬೆಳಿಗ್ಗೆ ಸೆಲ್ವಿ ನನ್ನನ್ನು ಚಾನಲ್ ಆಚೆಯ ಹಳೇ ಹಳ್ಳಿಗೆ ಕರೆದುಕೊಂಡು ಹೋದಳು. "ನಮ್ಮ ಮಾತೇ ಕೇಳಿ ಹೋದ್ರೆ ಅರ್ಧ ಆಗುತ್ತೆ" ಎಂದವಳು ಅವಳೇ. ಅಲ್ಲಿ ರುದ್ರಪ್ಪನವರ ಮನೆ. ಸೆಲ್ವಿಯ ಗದ್ದೆಯ ಕೆಳಗಿನ ಗದ್ದೆ ಅವರದು. ನೀರಿನ ಸರದಿಗೆ ಇಬ್ಬರೂ ವರ್ಷವರ್ಷ ಜಗಳವಾಡುತ್ತಾರೆ, ಮಾತು ಬಿಡುತ್ತಾರೆ, ಕೊಯ್ಲಿನ ಹೊತ್ತಿಗೆ ಮತ್ತೆ ಮಾತಾಡುತ್ತಾರೆ.

ರುದ್ರಪ್ಪನವರು ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ನೇರವಾಗಿ ಹೇಳಿದರು. "ನೋಡಿ ಟೀಚರಮ್ಮ, ಚಾನಲ್ ಬಂದಾಗ ನಮ್ಮ ತಾತನ ಹೊಲ ಎರಡು ಹೋಳಾಯ್ತು. ಎತ್ತಿನ ಗಾಡಿ ಆಚೆ ಹೋಗ್ಬೇಕಾದ್ರೆ ಎರಡು ಮೈಲಿ ಸುತ್ತಬೇಕಾಗಿತ್ತಂತೆ. ನಮ್ಮ ದನ ಮೇಯ್ತಿದ್ದ ಗೋಮಾಳದಲ್ಲಿ ಇವರ ಕ್ಯಾಂಪು ಕೂತ್ಕೊಂತು. ನಮ್ಮ ತಾತ ಸಾಯೋವರೆಗೂ ಆ ಕಡೆ ಮುಖ ಹಾಕಿ ಕೂರ್ತಿರಲಿಲ್ಲ. ಇದನ್ನೂ ಹೇಳ್ತೀರೋ, ಇಲ್ಲ ಅವರದ್ದೇ ಹೇಳ್ತೀರೋ?"

"ಇದನ್ನೂ ಹೇಳ್ತೀನಿ" ಎಂದೆ.

"ನೀರು ಬಂದಿದ್ದರಿಂದ ನಾವೂ ಎರಡು ಬೆಳೆ ಬೆಳೆದ್ವಿ. ಅದನ್ನೂ ಹೇಳಿ. ಸುಳ್ಳು ಯಾಕೆ?" ಎಂದು ಸೆಲ್ವಿಯ ಕಡೆ ತಿರುಗಿ, "ಮಂಗಳವಾರ ನೀರು ನಂದು. ಮರೀಬೇಡ" ಎಂದರು.

"ಬುಧವಾರ ನಿಮ್ಮದು" ಎಂದಳು ಸೆಲ್ವಿ.

ಮಧ್ಯಾಹ್ನ ಅವಳು ಸ್ಕೂಟರಿನಲ್ಲಿ ಕೂಡ್ಲಿಗೆ ಕರೆದೊಯ್ಯುತ್ತೇನೆ ಎಂದಳು. ತುಂಗೆ, ಭದ್ರೆ ಸೇರುವ ಜಾಗ, ಅಷ್ಟು ಹತ್ತಿರ ಬಂದು ನೋಡದೆ ಹೋಗುವುದೇ ಎಂದು. ನಾನು ಒಲ್ಲೆ ಎಂದೆ. ಹೋದರೆ ಎರಡು ನದಿ ಕೂಡುವುದನ್ನು ನೋಡಿ, ಭಾಷಣದಲ್ಲಿ ಎಲ್ಲರೂ ಹೇಳುವ ಸಿಹಿ ಮಾತನ್ನೇ ನಾನೂ ಹೇಳಿಬಿಡುತ್ತಿದ್ದೆ. ಬದಲಿಗೆ ಗದ್ದೆಗಿಳಿದು ನಾಟಿಯವರ ಜೊತೆ ಎರಡು ಸಾಲು ನೆಟ್ಟೆ. ಅಂಜಲಮ್ಮ ಬದುವಿನ ಮೇಲಿಂದ, "ಅವಳು ನೆಟ್ಟಿದ್ದು ಕಿತ್ತು ನೆಡ್ರಿ" ಎಂದರು.

ಸಂಜೆ ನಾನೇ ಕೇಳಿದೆ. "ನಾಳೆ ಸಭೆಗೆ ನೀವಿಬ್ಬರೂ ಬನ್ನಿ."

ಸೆಲ್ವಿ ತಲೆ ಅಲ್ಲಾಡಿಸಿದಳು. "ಬೇಡ ಮಾರಾಯ್ತಿ. ಅಲ್ಲಿ ನಮ್ಮನ್ನ ಯಾರು ಕೇಳ್ತಾರೆ? ಹೋದ ಸಲ ತಾಲೂಕಾಫೀಸಿನಲ್ಲಿ ಒಬ್ಬ, 'ನೀವು ಈ ಕಡೆಯವರಲ್ವಲ್ಲ' ಅಂದ. ಇಲ್ಲಿ ಹುಟ್ಟಿದವಳು ನಾನು. ಅವನೇ ದಾವಣಗೆರೆಯವನು."

"ಅದಕ್ಕೇ ಬಾ" ಎಂದೆ. ಅವಳು ಒಪ್ಪಲಿಲ್ಲ. ಒಪ್ಪಿದ್ದು ಅವಳ ತಾಯಿ. ಪೆಟ್ಟಿಗೆ ತೆಗೆದು ನೇರಳೆ ಬಣ್ಣದ ಸೀರೆ ಆಚೆ ಇಟ್ಟರು. ಆಮೇಲೆ ಚರ್ಚೆ ಉಳಿಯಲಿಲ್ಲ.

ಭಾನುವಾರ ಹತ್ತೂವರೆಗೆ ಸಭಾಂಗಣ ಸೇರಿದೆವು. ಉಪ್ಪಿಟ್ಟು, ಕೇಸರಿಬಾತು ಇತ್ತು. ಒಳಗೆ ಮುಂದಿನ ಸಾಲಿನ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಅಂಜಲಮ್ಮ ಸೀದಾ ಹೋಗಿ ಅದರಲ್ಲೊಂದರ ಮೇಲೆ ಕೂತರು. ಬ್ಯಾಡ್ಜ್ ಹಾಕಿದ ಯುವಕನೊಬ್ಬ ಬಂದು, "ಅಜ್ಜಿ, ಇದು ಗಣ್ಯರಿಗೆ. ಹಿಂದೆ ಬನ್ನಿ" ಎಂದ.

"ಕೂತಾಯ್ತಲ್ಲಪ್ಪ" ಎಂದರು ಅವರು. ದನಿ ಏರಿಸಲಿಲ್ಲ, ಏಳಲೂ ಇಲ್ಲ. ಅವನು ನನ್ನ ಮುಖ ನೋಡಿದ. ನಾನು ಚಾವಣಿಯ ಫ್ಯಾನು ನೋಡಿದೆ. ಸೆಲ್ವಿ ಒಂದು ಕ್ಷಣ ನಿಂತಿದ್ದು, ತಾಯಿಯ ಪಕ್ಕದ ಬಿಳಿ ಕುರ್ಚಿಯಲ್ಲಿ ಕೂತಳು.

ನನ್ನ ಸರದಿ ಬಂದದ್ದು ಹನ್ನೆರಡರ ಮೇಲೆ. ದೇವಸ್ಥಾನದಿಂದಲೇ ಶುರುಮಾಡಿದೆ, ಚೆನ್ನಾಗಿಯೇ ಹೇಳಿದೆ. ಶೇಖರಪ್ಪನವರು ವೇದಿಕೆಯ ಮೇಲೆ ತಲೆದೂಗುತ್ತಿದ್ದರು. ಆಮೇಲೆ, ಅದನ್ನು ಕೆತ್ತಿದವರು ಎಲ್ಲಿಂದ ಬಂದರು ಎಂದು ನಾವು ಕೇಳುವುದಿಲ್ಲ, ಕಬ್ಬಿಣ ಕಾಯಿಸಿದವರನ್ನೂ ಮಣ್ಣು ಹೊತ್ತವರನ್ನೂ ಮಾತ್ರ ಕೇಳುತ್ತೇವೆ ಎಂದೆ. ತಲೆದೂಗುವುದು ನಿಂತಿತು. ನಮ್ಮ ಸಾಲಿನ ಮನೆಗಳನ್ನು, ಇದ್ದಲ ಬಟ್ಟಿಯವರನ್ನು, ಕಾಗದನಗರದ ರಂಗೋಲಿಯನ್ನು ಹೇಳಿದೆ. ಚಾನಲ್ ಏರಿಯ ಹುಣಸೆ ಮರದ ಕೆಳಗೆ ಒಬ್ಬ ಹುಡುಗಿ ಮಲಗಿದ್ದಾಳೆ, ಅವಳು ಹೊತ್ತ ಮಣ್ಣಿನ ಮೇಲೆ ಹರಿದ ನೀರಿನಲ್ಲಿ ಬೆಳೆದ ಅಕ್ಕಿ ಇಲ್ಲಿರುವ ನಾವೆಲ್ಲ ಉಂಡಿದ್ದೇವೆ ಎಂದೆ. ರುದ್ರಪ್ಪನವರ ತಾತನ ಎರಡು ಹೋಳಾದ ಹೊಲವನ್ನೂ ಬಿಡಲಿಲ್ಲ.

ಸಮಯ ಮುಗಿದ ಗಂಟೆ ಬಾರಿಸಿದರು. ನಾನು ನಿಲ್ಲಿಸಲಿಲ್ಲ. ಮತ್ತೆ ಬಾರಿಸಿದರು. ಆಗ ಶೇಖರಪ್ಪನವರು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಉಪಾಯ ಮಾಡಿದರು: ಶಾಲು, ಹಾರ, ಹಣ್ಣಿನ ಬುಟ್ಟಿ ತರಿಸಿ ಮಾತಿನ ಮಧ್ಯದಲ್ಲೇ ಸನ್ಮಾನಕ್ಕೆ ಎದ್ದರು. ಶಾಲು ಹೆಗಲ ಮೇಲೆ ಬಿತ್ತು, ಹಾರ ಕೊರಳಿಗೆ ಬಿತ್ತು, ಫೋಟೊ ತೆಗೆದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ನಾನು ಹಣ್ಣಿನ ಬುಟ್ಟಿಯನ್ನು ನೆಲಕ್ಕಿಟ್ಟು, ಮೈಕು ಮತ್ತೆ ಹತ್ತಿರ ಎಳೆದುಕೊಂಡೆ.

"ತಾಲೂಕಿನ ಭೂಗೋಳ ಇನ್ನೂ ಬಾಕಿ ಇದೆ" ಎಂದೆ. "ಬೋರ್ಡಿನಲ್ಲಿ ಹೆಸರಿಲ್ಲದ ಊರುಗಳಿವೆ. ಅಲ್ಲಿಂದ ಬಂದವರು ಈ ಸಭೆಯಲ್ಲಿದ್ದರೆ ದಯವಿಟ್ಟು ಎದ್ದು ನಿಂತು ಊರಿನ ಹೆಸರು ಹೇಳಿ."

ಯಾರೂ ಏಳಲಿಲ್ಲ. ಸುಮ್ಮನೆ ಕೇಳಿ ಎಲ್ಲರೆದುರು ಸೋತೆನೇನೋ ಎನ್ನಿಸಿತು. ಸೆಲ್ವಿ ತಲೆ ತಗ್ಗಿಸಿ ಕೂತಿದ್ದಳು. ಅಂಜಲಮ್ಮ ಅವಳ ತೊಡೆಗೆ ಒಮ್ಮೆ ತಟ್ಟಿದರು. ಸೆಲ್ವಿ ಎದ್ದಳು. ಬೆನ್ನು ವೇದಿಕೆಗೆ, ಮುಖ ಜನಕ್ಕೆ.

"ಏಳನೇ ತೂಬಿನ ಕ್ಯಾಂಪು" ಎಂದಳು.

ಹಿಂದಿನಿಂದ ಒಬ್ಬ ಗಂಡಸಿನ ದನಿ, "ಬಟ್ಟಿ ಲೈನು" ಎಂದಿತು. ಬಾಗಿಲ ಹತ್ತಿರದ ಹೆಂಗಸೊಬ್ಬಳು, "ಗೇಟ್ ಕ್ಯಾಂಪು" ಎಂದಳು. ಆಮೇಲೆ ಒಂದರ ಮೇಲೊಂದು ಬಂದವು. ಎಲ್ಲವೂ ನನಗೆ ಕೇಳಿಸಲಿಲ್ಲ. ಒಬ್ಬರು ಎದ್ದು, ಇದು ಸಾಹಿತ್ಯದ ಸಭೆಯೋ ಹಾಜರಿ ಕರೆಯುವ ಜಾಗವೋ ಎಂದು ಸಿಟ್ಟಿನಿಂದ ಕೇಳಿ ಹೊರಗೆ ಹೋದರು. ಅವರನ್ನು ಹಿಂಬಾಲಿಸಿ ನಾಲ್ಕೈದು ಜನ ಹೋದರು. ಉಳಿದವರು ಉಳಿದರು. ನಾನು ನಮಸ್ಕಾರ ಹೇಳಿ ಇಳಿದೆ.

ಊಟದ ಹಾಲಿನ ಮೆಟ್ಟಿಲ ಮೇಲೆ ಶೇಖರಪ್ಪನವರು ಸಿಕ್ಕರು. ಅವರ ಮುಖ ಕೆಂಪಾಗಿತ್ತು, ಮಾತು ಮಾತ್ರ ಎಂದಿನಂತೆ ಮೆತ್ತಗೆ.

"ನೀವು ಹೀಗೆ ಮಾಡಬಾರದಿತ್ತು ಮೇಡಂ. ನಂಬಿ ಕರೆದಿದ್ವಿ. ಸ್ಮರಣ ಸಂಚಿಕೆಗೆ ದೇವಸ್ಥಾನದ ಭಾಗ ಮಾತ್ರ ಹಾಕ್ತೀವಿ. ಇನ್ನೊಂದು ಸಲ ಕರೆಯೋದೂ ಕಷ್ಟ."

"ಹಾಕೋದಾದ್ರೆ ಪೂರ್ತಿ ಹಾಕಿ ಸರ್, ಇಲ್ಲಾಂದ್ರೆ ಬಿಟ್ಬಿಡಿ. ಕರೆಯದಿದ್ರೂ ಬರ್ತೀನಿ. ನಮ್ಮೂರಿಗೆ ಬರೋಕೆ ನನಗೆ ಆಮಂತ್ರಣ ಬೇಕಾಗಿಲ್ಲ."

"ಊಟ ಮಾಡ್ಕೊಂಡು ಹೋಗಿ" ಎಂದರು ಅವರು. ಮಾಡಿದೆವು. ಅನ್ನ, ಹುಳಿ, ಪಾಯಸ. ಅಂಜಲಮ್ಮ ಪಾಯಸಕ್ಕೆ ಸಕ್ಕರೆ ಕಡಿಮೆ ಎಂದರು. (ಸಂಚಿಕೆ ಆಮೇಲೆ ಬಂತು. ನನ್ನ ಭಾಷಣ ಅದರಲ್ಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.)

ನಾಲ್ಕು ಗಂಟೆಗೆ ಬಸ್ ನಿಲ್ದಾಣಕ್ಕೆ ಬಂದೆವು. ಅವರ ಬಸ್ಸಿಗೆ ಇನ್ನೂ ಹೊತ್ತಿತ್ತು. ಶಿವಮೊಗ್ಗದ್ದು ಬಂದು ನಿಂತಿತ್ತು. ಸೆಲ್ವಿ ನನ್ನ ಚೀಲವನ್ನು ಕಿಟಕಿಯಿಂದ ಸೀಟಿನ ಮೇಲೆ ಎಸೆದು ಜಾಗ ಹಿಡಿದಳು.

"ಅಷ್ಟು ಜನದ ಮುಂದೆ ನಾನು ಯಾವತ್ತೂ ಮಾತಾಡಿರಲಿಲ್ಲ" ಎಂದಳು.

"ಮೂರೇ ಮಾತು ಆಡಿದ್ದು."

"ಮೂರಾದ್ರೂ ಏನಾಯ್ತು? ಗಂಟಲು ನಡುಗಿತು ಮಾರಾಯ್ತಿ. ಮುಂದಿನ ಸಲ ನಡುಗಲ್ಲ."

ಬಸ್ಸು ಹೊರಟಿತು. ನಿಲ್ದಾಣದಿಂದ ರಸ್ತೆಗೆ ತಿರುಗುವಾಗ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಅಂಜಲಮ್ಮ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂತು ಪಕ್ಕದ ಅಪರಿಚಿತ ಹೆಂಗಸಿಗೆ ಏನೋ ಹೇಳುತ್ತಿದ್ದರು. ಯಾವ ಕಡೆಯವರು ಎಂದು ಆಕೆ ಕೇಳಿರಬೇಕು. ಅವರ ಕೈ ಅಂಗಡಿ ಸಾಲಿನ ಮೇಲಿಂದ ಪೂರ್ವಕ್ಕೆ, ಕ್ಯಾಂಪಿನ ಕಡೆ ನೆಟ್ಟಗೆ ಚಾಚಿತ್ತು, ಬಸ್ಸು ತಿರುಗುವವರೆಗೂ ಕೆಳಗೆ ಇಳಿಯಲಿಲ್ಲ.